ರಿಲೇಯ ಆಯುಸ್ಸು

ಅಲ್ಪ ವಿದ್ಯುತ್ಪ್ರವಾಹದಿಂದ ಅಧಿಕ ಪ್ರವಾಹವನ್ನು ಆಳುವ ಸಾಧನವೇ ರಿಲೇ. ಸುರುಳಿಯಲ್ಲಿ ವಿದ್ಯುತ್ತು ಹರಿದೊಡನೆ ಅದು ಅಯಸ್ಕಾಂತವಾಗಿ ಲೋಹದ ಪಟ್ಟಿಯನ್ನು ಸೆಳೆಯುತ್ತದೆ, ಸ್ಪರ್ಶಬಿಂದುಗಳು ಕೂಡುತ್ತವೆ. ನಮ್ಮ ವಿಜ್ಞಾನದ ಪಾಠ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಹಾಗೆ ಮುಗಿಯಬಾರದೆಂಬುದು ನಮ್ಮ ಅಭಿಪ್ರಾಯ.

ವಿದ್ಯಾರ್ಥಿಗಳು ವಿಜ್ಞಾನ ಪ್ರದರ್ಶನದ ಮಾದರಿಗಳಿಗೆ ಬಳಸುವ ಸಣ್ಣ ರಿಲೇಯ ಮೇಲೆ 10 ಆಂಪಿಯರ್, 250 ವೋಲ್ಟ್ ಎ.ಸಿ.; 10 ಆಂಪಿಯರ್, 30 ವೋಲ್ಟ್ ಡಿ.ಸಿ. ಎಂದು ಅಚ್ಚಾಗಿರುವುದುಂಟು. ಆಂಪಿಯರ್ ಒಂದೇ ಆಗಿದ್ದರೂ ವೋಲ್ಟಿನಲ್ಲಿ ಇಷ್ಟು ಅಂತರವೇಕೆ? ನಮ್ಮ ದೇಶದ ಎ.ಸಿ. ಪ್ರವಾಹವು ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುವುದರಿಂದ, ಬಿಂದುಗಳು ಅಗಲುವಾಗ ಹುಟ್ಟುವ ಕಿಡಿ ಬೇಗನೆ ಆರುತ್ತದೆ. ಡಿ.ಸಿ.ಯಲ್ಲಿ ಆ ಬಿಡುವಿಲ್ಲ. ಕಿಡಿಯು ಹೆಚ್ಚು ಹೊತ್ತು ಉರಿದು ಬಿಂದುಗಳ ಬೆಳ್ಳಿಯ ಮಿಶ್ರಲೋಹವನ್ನು ಸವೆಸುತ್ತದೆ.

ಈ ಅಂಕೆಗಳಾದರೂ ಕಾಯಿಸುವ ತಂತಿಯಂತಹ ಸೌಮ್ಯವಾದ ಹೊರೆಗೆ ಮಾತ್ರ ಸಲ್ಲತಕ್ಕವು. ಮೋಟಾರು ಹೊರಡುವಾಗ ತನ್ನ ನಿತ್ಯದ ಪ್ರವಾಹದ ಹಲವು ಪಟ್ಟನ್ನು ಎಳೆಯುತ್ತದೆ. ತಂತಿಯ ಬಲ್ಬು ತಣ್ಣಗಿರುವಾಗ ಹತ್ತು ಪಟ್ಟಿಗೂ ಮಿಕ್ಕು ಎಳೆಯಬಲ್ಲುದು.

ಇಂತಹ ರಿಲೇ ಹೊರೆಯಿಲ್ಲದೆ 1 ಕೋಟಿ ಸಲ, ಪೂರ್ಣ ಹೊರೆಯೊಡನೆ 1 ಲಕ್ಷ ಸಲ ಕೆಲಸ ಮಾಡುವುದೆಂದು ತಯಾರಕರು ಸಾಮಾನ್ಯವಾಗಿ ತಿಳಿಸುತ್ತಾರೆ. ನಿಮಿಷಕ್ಕೊಮ್ಮೆ ಕೂಡಿ ಅಗಲಿದರೆ ದಿನಕ್ಕೆ 1,440 ಸಲ. 70 ದಿನ ತುಂಬುವ ಮೊದಲೇ ಲಕ್ಷ ಮುಗಿಯಿತು! ದಿನಕ್ಕೆ 10 ಸಲವಾದರೆ ಅದೇ ಲಕ್ಷವು 27 ವರ್ಷಕ್ಕೆ ಸಾಕು. ಆದುದರಿಂದ ರಿಲೇಯ ಆಯುಸ್ಸನ್ನು ಕೊಂಡ ದಿನದಿಂದಲ್ಲ, ದುಡಿಮೆಯಿಂದ ಎಣಿಸಬೇಕು.

ಇದು ಬರಿಯ ಲೆಕ್ಕದ ಮಾತಲ್ಲ. ಮಿತಿಮೀರಿ ದುಡಿಸಿದ ರಿಲೇಯ ಬಿಂದುಗಳು ಕೆಲವೊಮ್ಮೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಗ ಸುರುಳಿಯ ಪ್ರವಾಹ ನಿಂತರೂ ಪಂಪು ನಿಲ್ಲದು, ಗೀಸರು ಆರದು. ಆರಿತೆಂದು ನಂಬಿ ಕೈಯಿಟ್ಟವನ ಪ್ರಾಣಕ್ಕೇ ಸಂಚಕಾರ. ದುರಸ್ತಿಗೆ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸುವುದೂ, ಬಿಸಿಯುಪಕರಣಗಳಿಗೆ ಪ್ರತ್ಯೇಕವಾದ ರಕ್ಷಣೆಯನ್ನಿಡುವುದೂ ಇದಕ್ಕಾಗಿಯೇ.

ನಮ್ಮ ಶಾಲೆಯಿಂದ ಐ.ಟಿ.ಐ.ಗೂ ಕಾರ್ಖಾನೆಗಳಿಗೂ ಹೋಗುವ ಮಕ್ಕಳು ನಾಲ್ಕು ಪ್ರಶ್ನೆಗಳನ್ನು ತಾಯ್ನುಡಿಯಲ್ಲೇ ಕಲಿತು ಹೋಗಲಿ: ಎಷ್ಟು ವೋಲ್ಟು? ಎಷ್ಟು ಆಂಪಿಯರು? ಎಂತಹ ಹೊರೆ? ದಿನಕ್ಕೆ ಎಷ್ಟು ಸಲ? ಚಿತ್ರ ಬರೆದು ಅಂಕ ಪಡೆಯುವುದಕ್ಕಿಂತ ಈ ಪ್ರಶ್ನೆಗಳನ್ನು ಕೇಳಬಲ್ಲವನಾಗುವುದೇ ಮಿಗಿಲಾದ ವಿದ್ಯೆಯೆಂದು ನಾವು ನಂಬುತ್ತೇವೆ.