ತೆಗೆಯಬೇಡಿ ಎಂದವರು ಯಾರು?

"ಹೆಂಡತಿಯನ್ನಾದರೂ ಬಿಡಬಹುದು, ಕೆಲಸದವನನ್ನು ಬಿಡಿಸಲಾಗದು." ಸಣ್ಣ ಕಾರ್ಖಾನೆ ನಡೆಸುವ ಗೆಳೆಯರು ಕಾಫಿ ಲೋಟ ಹಿಡಿದು ಹೇಳುವ ಈ ಮಾತನ್ನು ಮೂವತ್ತು ವರ್ಷ ಕೇಳಿದ್ದೇನೆ. ಸಿಬ್ಬಂದಿ ವಿಭಾಗದಲ್ಲಿದ್ದಷ್ಟು ಕಾಲ ತಲೆಯಾಡಿಸಿದ್ದೂ ಉಂಟು, ಸಂಬಳ ಕೊಡುತ್ತಿದ್ದವರು ಅವರೇ ತಾನೆ. ಈಗ ನಿವೃತ್ತ. ಅವರ ಆಕ್ಷೇಪಗಳಿಗೆ ಆಗ ನುಂಗಿಕೊಂಡಿದ್ದ ಉತ್ತರಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಆಕ್ಷೇಪ: ಸರ್ಕಾರದ ಅನುಮತಿಯಿಲ್ಲದೆ ಯಾರನ್ನೂ ತೆಗೆಯುವಂತಿಲ್ಲ. ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಕದ್ದವನನ್ನು, ಮೇಸ್ತ್ರಿಯ ಮೇಲೆ ಕೈಮಾಡಿದವನನ್ನು ವಜಾ ಮಾಡಲು ಸರ್ಕಾರವನ್ನು ಕೇಳಿ ಎಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳಿರಲಿಲ್ಲ. ಅನುಮತಿ ಬೇಕಿದ್ದುದು, ಕೆಲಸವಿಲ್ಲ ಎಂದು ಜನರನ್ನು ಕಡಿತ ಮಾಡುವಾಗ. ಅದೂ ನೂರಕ್ಕೆ ಕಡಿಮೆಯಿಲ್ಲದಷ್ಟು ಕಾರ್ಮಿಕರಿರುವ ಕಾರ್ಖಾನೆ, ಗಣಿ, ಪ್ಲಾಂಟೇಶನ್‌ಗಳಲ್ಲಿ ಮಾತ್ರ. ಸಾವಿರಾರು ಜನ ಕೂತು ಕೋಡ್ ಬರೆಯುವ ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡಗಳಿಗೆ ಕಾಯ್ದೆಯ ಆ ಅನುಮತಿಯ ಅಧ್ಯಾಯ ತಾಗುತ್ತಲೇ ಇರಲಿಲ್ಲ. 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ನೂರು ಮುನ್ನೂರಾಯಿತು. ಪೀಣ್ಯದಲ್ಲಿ ಎಪ್ಪತ್ತು ಜನರ ಶೆಡ್ ನಡೆಸುವವರಿಗೆ ಆಗಲೂ ಅನುಮತಿ ಬೇಕಿರಲಿಲ್ಲ, ಈಗಲೂ ಬೇಡ. ಕಡಿತ ಮಾಡುವಾಗ ಅವರು ಒಂದು ತಿಂಗಳ ನೋಟಿಸನ್ನೋ ಅದರ ಸಂಬಳವನ್ನೋ ಕೊಡಬೇಕು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು, ಸರ್ಕಾರಕ್ಕೆ ಒಂದು ಪತ್ರ ಬರೆಯಬೇಕು. ತಿಂಗಳಿಗೆ 20,000 ಪಡೆಯುತ್ತ ಎಂಟು ವರ್ಷ ದುಡಿದವನಿಗೆ ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ಲಕ್ಷವಾಗುತ್ತದೆ. ಆ ಒಂದು ಲಕ್ಷ ಉಳಿಸಲು ಹೋಗಿ ಹತ್ತು ವರ್ಷ ವಕೀಲರ ಫೀಸು ಕಟ್ಟಿದವರ ಜೊತೆಯಲ್ಲೇ ನಾನು ಕಾಫಿ ಕುಡಿದಿದ್ದೇನೆ.

ಕೋರ್ಟು ಯಾವಾಗಲೂ ಕಾರ್ಮಿಕನ ಕಡೆಗೇ ಎಂಬುದು ಇನ್ನೊಂದು ದೂರು. ಇದಕ್ಕೆ ನಮ್ಮ ಕೆಂಪು ಬಸ್ಸಿಗಿಂತ ಒಳ್ಳೆಯ ಉತ್ತರವಿಲ್ಲ. ಕೆಎಸ್‌ಆರ್‌ಟಿಸಿ ಕಂಡಕ್ಟರೊಬ್ಬರನ್ನು ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ ಎಂದು ಕೆಳಗಿನ ಹಂತದಲ್ಲಿ ಬಂದಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2001ರಲ್ಲಿ ರದ್ದುಮಾಡಿತು. ಟಿಕೆಟ್ ಹಣದಲ್ಲಿ ಅಪ್ರಾಮಾಣಿಕತೆಯೋ ಘೋರ ನಿರ್ಲಕ್ಷ್ಯವೋ ಕಂಡಮೇಲೆ ಕನಿಕರಕ್ಕೆ ಜಾಗವಿಲ್ಲ ಎಂಬುದು ಅದರ ನಿಲುವು. ಕೆಲವು ವರ್ಷಗಳ ಮೇಲೆ ಇನ್ನೊಬ್ಬ ಕಂಡಕ್ಟರ್. ಚೀಲದಲ್ಲಿ ಲೆಕ್ಕಕ್ಕೆ ಸಿಗದೆ ಉಳಿದಿದ್ದುದು 93 ರೂಪಾಯಿ. ಮೊತ್ತ ಎಷ್ಟೆಂಬುದು ಮುಖ್ಯವಲ್ಲ, ನಂಬಿಕೆ ಹೋಯಿತಲ್ಲ ಎಂದು ಆ ವಜಾವನ್ನೂ ಎತ್ತಿಹಿಡಿದರು. ನಿಜ ಹೇಳಬೇಕೆಂದರೆ ಆ 93 ರೂಪಾಯಿ ನನಗೆ ಈಗಲೂ ಚುಚ್ಚುತ್ತದೆ. ಆದರೆ ನಿಗಮ ಗೆದ್ದದ್ದು ಆಪಾದನಾ ಪತ್ರ, ವಿಚಾರಣೆ, ಆದೇಶ ಎಲ್ಲವೂ ಕಡತದಲ್ಲಿದ್ದುದರಿಂದ. ಅಕ್ರಮವಾಗಿ ತೆಗೆದಾಗ ಪೂರ್ತಿ ಹಿಂಬಾಕಿ ವೇತನದೊಡನೆ ಮರಳಿ ಸೇರಿಸಿಕೊಳ್ಳುವುದೇ ಸಾಮಾನ್ಯ ನಿಯಮ ಎಂದು 2013ರಲ್ಲಿ ಹೇಳಿದ್ದೂ ಅದೇ ನ್ಯಾಯಾಲಯ. ಅದರ ಬೆನ್ನಿಗೇ, ದಿನಗೂಲಿಯವರಿಗಾದರೆ ಮರುನೇಮಕದ ಬದಲು ಒಂದಿಷ್ಟು ಪರಿಹಾರ ಸಾಕು ಎಂದದ್ದೂ ಅದೇ. ಇದರಲ್ಲಿ ಪಕ್ಷಪಾತ ಹುಡುಕುವವರು ಎರಡೂ ಕಡೆ ಹುಡುಕಬೇಕಾದೀತು.

ಎಲ್ಲರೂ ದನಿ ಎತ್ತರಿಸುವುದು ಮೂರನೆಯದಕ್ಕೆ. "ಕೈಯಲ್ಲಿ ಮಾಲು ಹಿಡಿದುಕೊಂಡೇ ಸಿಕ್ಕಿಬಿದ್ದಿದ್ದಾನೆ, ಇನ್ನು ಎನ್‌ಕ್ವೈರಿಯ ನಾಟಕ ಯಾಕೆ?"

ಈ ನಾಟಕದಲ್ಲಿ ನಾನೇ ಪಾತ್ರ ಹಾಕಿದ್ದೇನೆ. ನಮ್ಮ ಘಟಕವೊಂದರಲ್ಲಿ ಕಾರ್ಮಿಕನೊಬ್ಬ ಊಟದ ಡಬ್ಬಿಯಲ್ಲಿ ತಾಮ್ರದ ತಂತಿ ಇಟ್ಟುಕೊಂಡು ಗೇಟಿನಲ್ಲಿ ಸಿಕ್ಕಿಬಿದ್ದ. ಆಪಾದನಾ ಪತ್ರ ಬರೆದವನು ನಾನು, ಸೊಗಸಾದ ಇಂಗ್ಲಿಷಿನಲ್ಲಿ. ಅವನು ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸು, ಕನ್ನಡದಲ್ಲಿ. ವಿಚಾರಣಾಧಿಕಾರಿಯಾಗಿ ಕೂತವರು ಆ ರಾತ್ರಿ ಡಬ್ಬಿ ತೆರೆಸಿ ಮಹಜರಿಗೆ ಸಹಿ ಹಾಕಿದ್ದ ಮ್ಯಾನೇಜರೇ. ಸಾಕ್ಷಿಯೂ ಅವರೇ, ನ್ಯಾಯಾಧೀಶರೂ ಅವರೇ! ಎರಡು ಸಿಟ್ಟಿಂಗಿಗೆ ಮುಗಿಸಿ ವಜಾ ಮಾಡಿದೆವು. ಕಾರ್ಮಿಕ ನ್ಯಾಯಾಲಯ ಮೊದಲು ಎತ್ತಿಕೊಳ್ಳುವ ಪ್ರಶ್ನೆ, ಆಂತರಿಕ ವಿಚಾರಣೆ ನ್ಯಾಯವಾಗಿ ನಡೆದಿದೆಯೇ ಎಂಬುದು. ನಮ್ಮದು ಅಲ್ಲೇ ಬಿತ್ತು. ಹಾಗೆ ಬಿದ್ದರೂ ಕಾನೂನು ಆಡಳಿತ ವರ್ಗಕ್ಕೆ ಎರಡನೇ ಅವಕಾಶ ಕೊಡುತ್ತದೆ: ಆರೋಪವನ್ನು ಕೋರ್ಟಿನಲ್ಲೇ ಸಾಬೀತು ಮಾಡಬಹುದು. ಅಷ್ಟು ಹೊತ್ತಿಗೆ ಡಬ್ಬಿ ಹಿಡಿದಿದ್ದ ಸೆಕ್ಯುರಿಟಿಯವನು ಏಜೆನ್ಸಿ ಬಿಟ್ಟು ಒಡಿಶಾಕ್ಕೆ ಹೋಗಿ ಎಷ್ಟೋ ಕಾಲವಾಗಿತ್ತು. ಏಳು ವರ್ಷದ ಮೇಲೆ ಆ ಕಾರ್ಮಿಕ ಅರ್ಧ ಹಿಂಬಾಕಿಯೊಡನೆ ಅದೇ ಗೇಟಿನಲ್ಲಿ ಒಳಗೆ ಬಂದ. ಕದ್ದೇ ಇದ್ದನೇನೋ. ಅವನಿಗೆ ಕೆಲಸ ವಾಪಸ್ ಕೊಡಿಸಿದ್ದು ನನ್ನ ಇಂಗ್ಲಿಷು.

"ಎಂಟು ದಿನ ಹೇಳದೆ ಗೈರಾದರೆ ತಾನಾಗಿಯೇ ಕೆಲಸ ಬಿಟ್ಟಂತೆ ಎಂದು ಸ್ಥಾಯಿ ಆದೇಶದಲ್ಲೇ ಇದೆಯಲ್ಲ" ಎಂದು ಕೆಲವರು ಕಾರ್ಖಾನೆಯ ಆ ಸೇವಾ ನಿಯಮಾವಳಿಯ ಪುಟ ತಿರುವಿ ತೋರಿಸುತ್ತಾರೆ. ಇದೆ. ಅಂಥದೇ ಷರತ್ತು 1993ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹಾಗಿದ್ದರೂ ಅವನ ಮಾತು ಕೇಳದೆ ತೆಗೆಯುವಂತಿಲ್ಲ ಎಂದಾಯಿತು, ಕಾರಣ ಹೋಗುವುದು ಅನ್ನ.

ಇನ್ನು ನೇಮಕಾತಿ ಪತ್ರದ ವಾದ. "ಒಂದು ತಿಂಗಳ ನೋಟಿಸ್ ಕೊಟ್ಟು ಇಬ್ಬರಲ್ಲಿ ಯಾರು ಬೇಕಾದರೂ ಸಂಬಂಧ ಕಡಿದುಕೊಳ್ಳಬಹುದು ಅಂತ ಸಹಿ ಹಾಕಿದ್ದಾನೆ." ಹಾಕದೆ ಏನು ಮಾಡುತ್ತಾನೆ? ಕೆಲಸ ಕೇಳಿ ಬಂದವನು ಷರತ್ತು ತಿದ್ದಿಸಿದ್ದನ್ನು ನಾನಂತೂ ಕಂಡಿಲ್ಲ. ಕಲ್ಕತ್ತೆಯ ಸರ್ಕಾರಿ ಜಲಸಾರಿಗೆ ಕಂಪನಿಯೊಂದರಲ್ಲಿ ಕಾರಣ ಹೇಳದೆ ಮೂರು ತಿಂಗಳ ನೋಟಿಸಿನಲ್ಲಿ ಮನೆಗೆ ಕಳಿಸುವ ನಿಯಮವಿತ್ತು. ಬಲವಿರುವವನು ಬಲವಿಲ್ಲದವನ ಮೇಲೆ ಹೇರಿದ ಅನ್ಯಾಯದ ಕರಾರು ಇದು ಎಂದು 1986ರಲ್ಲಿ ಅದನ್ನು ಹೊಡೆದುಹಾಕಲಾಯಿತು. ಅದು ಸರ್ಕಾರಿ ಸಂಸ್ಥೆಯ ಮಾತು, ಖಾಸಗಿಗೆ ನೇರವಾಗಿ ತಾಗದು ಎಂದರೆ ಒಪ್ಪುತ್ತೇನೆ. ಆದರೆ ಕಾನೂನಿನ ಅರ್ಥದಲ್ಲಿ ಕಾರ್ಮಿಕನಾದವನಿಗೆ, ಖಾಸಗಿಯಲ್ಲೂ, ಕಡಿತದ ಕಲಮು ಕರಾರಿಗಿಂತ ಮೇಲು.

ಹಾಗಾದರೆ ಕಾರ್ಮಿಕ ಯಾರು? ಸಾಫ್ಟ್‌ವೇರಿನವರು ಅಲ್ಲವೇ ಅಲ್ಲ ಎಂದು ಎಚ್‌ಆರ್ ಗೆಳೆಯರು ಕಣ್ಣು ಮಿಟುಕಿಸದೆ ಹೇಳುತ್ತಾರೆ. ಆದರೆ ಕಾನೂನಿನ ವ್ಯಾಖ್ಯೆಯಲ್ಲಿ 'ತಾಂತ್ರಿಕ' ಎಂಬ ಪದ ಕಣ್ಣಿಗೆ ಹೊಡೆಯುವಂತಿದೆ, ಆ ಕೆಲಸಕ್ಕೆ ಸಂಬಳದ ಮಿತಿಯೂ ಇಲ್ಲ. ಮಿತಿ ಇರುವುದು ಮೇಲ್ವಿಚಾರಕರಿಗೆ. ಹೊರಗುಳಿದವರು ನಿಜವಾಗಿ ಆಡಳಿತ ನಡೆಸುವವರು. ವಿಸಿಟಿಂಗ್ ಕಾರ್ಡಿನ ಮೇಲೆ ಮ್ಯಾನೇಜರ್ ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ಯಾರೂ ಮ್ಯಾನೇಜರ್ ಆಗುವುದಿಲ್ಲ, ಕೋರ್ಟು ನೋಡುವುದು ದಿನವಿಡೀ ಮಾಡಿದ ಕೆಲಸವನ್ನು. ಕರ್ನಾಟಕ ಸರ್ಕಾರ 2014ರಲ್ಲಿ ಐಟಿಯವರಿಗೆ ಕೊಟ್ಟು 2019, 2024ರಲ್ಲಿ ಮುಂದುವರಿಸಿದ್ದು ಸ್ಥಾಯಿ ಆದೇಶದ ಕಾಯ್ದೆಯಿಂದ ವಿನಾಯಿತಿ ಮಾತ್ರ. ಅದಕ್ಕೂ ಷರತ್ತುಗಳಿದ್ದವು: ಕುಂದುಕೊರತೆ ಸಮಿತಿ ಇರಬೇಕಿತ್ತು, ಅಮಾನತು, ವಜಾಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕಿತ್ತು. ವಿನಾಯಿತಿಯ ಆದೇಶವನ್ನು ಫ್ರೇಮು ಹಾಕಿಸಿದಂತೆ ನೆನಪಿಟ್ಟುಕೊಂಡವರು ಷರತ್ತಿನ ಪುಟಕ್ಕೆ ಹೋಗುವುದೇ ಇಲ್ಲ.

ಅವರು ಸರಿಯಿರುವ ಜಾಗವೂ ಉಂಟು. ಶಾಲಾ ಶಿಕ್ಷಕರು ಈ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು 1988ರಲ್ಲೇ ತೀರ್ಮಾನವಾಗಿದೆ. ನಮ್ಮಲ್ಲಿ ಅವರಿಗೆ ಬೇರೆಯದೇ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿ ಇದೆ. ಖಾಸಗಿ ಕಂಪನಿಯ ನಿಜವಾದ ಮ್ಯಾನೇಜರನಿಗೆ ಸಿವಿಲ್ ಕೋರ್ಟಿನಲ್ಲಿ ಹೆಚ್ಚೆಂದರೆ ನಷ್ಟಪರಿಹಾರ ಸಿಕ್ಕೀತು, ಕುರ್ಚಿ ಸಿಗದು.

"ನಾವು ತೆಗೆದಿಲ್ಲ, ಅವರೇ ರಾಜೀನಾಮೆ ಕೊಟ್ಟರು" ಎಂಬುದಕ್ಕೆ ಹೆಚ್ಚು ಹೇಳುವುದಿಲ್ಲ. ಒತ್ತಾಯವಿತ್ತೆಂದು ತೋರಿಸುವ ಹೊರೆ ನೌಕರನದೇ, ಅದು ಕಷ್ಟದ ಹೊರೆ. ಆದರೆ ಒಂದೇ ಮಧ್ಯಾಹ್ನ ಒಂದೇ ಮಹಡಿಯ ಇಪ್ಪತ್ತು ಜನಕ್ಕೆ ಅದೇ ವೈಯಕ್ತಿಕ ಕಾರಣ, ಅದೇ ವಾಕ್ಯದಲ್ಲಿ, ಅದೇ ಕಾಗುಣಿತ ತಪ್ಪಿನೊಡನೆ ಹೊಳೆದರೆ, ಸಂಧಾನಾಧಿಕಾರಿಯೂ ಓದು ಬಲ್ಲವರೇ.

ಕೊನೆಯ ಅಸ್ತ್ರ ಹೊಸ ಸಂಹಿತೆ. ಇನ್ನು ನಮ್ಮ ಕೈ ಬಿಚ್ಚಿತು ಎನ್ನುತ್ತಾರೆ. ಅರ್ಧ ನಿಜ. ಸ್ಥಾಯಿ ಆದೇಶವೂ ಈಗ ಮುನ್ನೂರು ಜನರಿರುವ ಕಡೆಗೇ, ಕರ್ನಾಟಕದಲ್ಲಿ ಹಿಂದೆ ಐವತ್ತಕ್ಕೇ ಅನ್ವಯಿಸುತ್ತಿತ್ತು. ಆದರೆ ಕಡಿತದ ನೋಟಿಸು, ವರ್ಷಕ್ಕೆ 15 ದಿನದ ಲೆಕ್ಕ ಎಲ್ಲೂ ಹೋಗಿಲ್ಲ. ಅದರ ಮೇಲೆ, ಕಡಿತಗೊಂಡವನ ಮರುತರಬೇತಿ ನಿಧಿಗೆ ಇನ್ನೂ 15 ದಿನದ ವೇತನ ಕಟ್ಟಬೇಕು. ಜೊತೆಯಲ್ಲೇ ಜಾರಿಯಾದ ವೇತನ ಸಂಹಿತೆಯಂತೆ, ತೆಗೆದರೂ ಸರಿ, ತಾನೇ ಬಿಟ್ಟರೂ ಸರಿ, ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಚುಕ್ತಾ ಆಗಬೇಕು. ನಮ್ಮ ಗೆಳೆಯರೊಬ್ಬರಿಗೆ ಮುನ್ನೂರರ ಅಂಕಿ ಬಾಯಿಪಾಠ. ಎರಡು ದಿನದ ಮಾತು ತೆಗೆದಾಗ, "ಅದೆಲ್ಲ ಅಕೌಂಟ್ಸ್‌ನವರು ನೋಡಿಕೊಳ್ಳುತ್ತಾರೆ" ಎನ್ನುತ್ತ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.