ದೋಣಿಯಲ್ಲಿ ಕೊಳೆತ ಎಲೆ

ಚರ್ಚಿನ ಮಾತು ನಮಗೇಕೆ ಎಂದು ಶರಣ ಬಂಧುಗಳು ಕೇಳಬಹುದು. ತೇವಕ್ಕೆ ಮತಭೇದವಿಲ್ಲವಷ್ಟೆ!

ಇಂಗ್ಲೆಂಡಿನ ಆಂಗ್ಲಿಕನ್ ಚರ್ಚುಗಳನ್ನು ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿಯಿಂದ ತಪಾಸಣೆ ಮಾಡಿಸಬೇಕೆಂದು 1955ರಲ್ಲೇ ಕಟ್ಟಳೆಯಾಯಿತು. ಎಂಜಿನಿಯರಾಗಿ ದುಡಿದ ನನಗೆ ಈ ಶಿಸ್ತು ಬಲು ಹಿಡಿಸಿತು. ಸೂರಿನ ದೋಣಿಯಲ್ಲಿ ಎಲೆ ಕೊಳೆತು ಕಟ್ಟಿದರೆ ನೀರು ಗೋಡೆಗಿಳಿಯುತ್ತದೆ. ಸುಣ್ಣದ ಗಾರೆಯ ಸಂದಿಗೆ ಸಿಮೆಂಟು ಮೆತ್ತಿದ್ದರಂತೂ ಆ ತೇವ ಹೊರಬರಲಾರದೆ ಕಲ್ಲನ್ನೇ ತಿನ್ನುತ್ತದೆ.

ಆದರೆ ಗೋಡೆ ಒಣಗಿದ್ದು ಬೆಂಚು ಖಾಲಿಯಿದ್ದರೆ? ಅಲ್ಲಿನ ನ್ಯಾಷನಲ್ ಚರ್ಚಸ್ ಟ್ರಸ್ಟ್ ರಿಪೇರಿಗಷ್ಟೇ ಅಲ್ಲ, ಶೌಚಾಲಯ, ಅಡುಗೆಮನೆಗಳಿಗೂ ನೆರವು ಕೊಡುತ್ತದೆ. ಶೌಚಾಲಯವಿಲ್ಲದ ಕಡೆ ವಯಸ್ಸಾದವರು, ಕೂಸು ಹೊತ್ತ ತಾಯಂದಿರು ಎಷ್ಟು ಹೊತ್ತು ಕೂತಾರು? ದೋಣಿ ಶುಚಿಯಾದ ಮೇಲೆ ಉಳಿದ ಹಣ ಗೋಪುರದ ಅಲಂಕಾರಕ್ಕಿಂತ ಮೊದಲು ಇದಕ್ಕೇ ಹೋಗಬೇಕು. ಕೆಲವು ಹಳ್ಳಿಗಳಲ್ಲಿ ಈಗ ಚರ್ಚಿನೊಳಗೇ ಅಂಚೆ ಸೇವೆಯೂ ನಡೆಯುತ್ತಿದೆ.