ಓವಲ್ ಮೈದಾನದ ಒಂದು ನೇಮಕ

ಇಂಗ್ಲೆಂಡಿನ ಸರ್ರೆ ಕೌಂಟಿ ಕ್ರಿಕೆಟ್ ಸಂಸ್ಥೆಯವರು ೨೦೨೦ನೆಯ ಇಸವಿಯಲ್ಲಿ ಶ್ರೀ ವಿಕ್ರಮ ಸೋಲಂಕಿಯವರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಿದರು. ಉದಯಪುರದಲ್ಲಿ ೧೯೭೬ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ಇಂಗ್ಲೆಂಡನ್ನು ಸೇರಿದ ಇವರು ವೂಸ್ಟರ್‌ಷೈರ್ ಪಕ್ಷದಲ್ಲಿ ೧೯೯೫ರಿಂದ ೨೦೧೨ರವರೆಗೆ ಆಡಿ, ಇಂಗ್ಲೆಂಡಿನ ಪರವಾಗಿ ೫೧ ಏಕದಿನ ಪಂದ್ಯಗಳಲ್ಲಿ ಕಾಣಿಸಿಕೊಂಡು, ಕಡೆಗೆ ಸರ್ರೆಯಲ್ಲಿ ಆಡಿ ೨೦೧೫ರಲ್ಲಿ ನಿವೃತ್ತರಾದವರು. ಅನಂತರ ಅದೇ ಸಂಸ್ಥೆಯಲ್ಲಿ ಸಹಾಯಕ ತರಬೇತುದಾರರಾಗಿ ದುಡಿದರು. ದಕ್ಷಿಣ ಏಷ್ಯಾ ಮೂಲದ ಬ್ರಿಟಿಷ್ ಪ್ರಜೆಯೊಬ್ಬರಿಗೆ ಕೌಂಟಿಯೊಂದರ ಈ ಪದವಿ ದೊರೆತುದು ಅದೇ ಮೊದಲು. ಕೌಂಟಿ ಪಂದ್ಯಾವಳಿಯು ಕ್ರಮಬದ್ಧವಾಗಿ ಆರಂಭವಾದದ್ದು ೧೮೯೦ರಲ್ಲಿ! ಮುಖ್ಯ ತರಬೇತುದಾರನೆಂಬ ಹುದ್ದೆಯು ಅಷ್ಟು ಹಳೆಯದಲ್ಲವೆಂಬುದನ್ನು ಒಪ್ಪಿಕೊಂಡರೂ ವಿಳಂಬವು ಸಣ್ಣದೆನ್ನಲಾಗದು.

ಇದಕ್ಕೆ ಪ್ರತಿಯಾಗಿ, ಭಾರತೀಯರು ಕೌಂಟಿಯ ನಾಯಕತ್ವವನ್ನೇ ವಹಿಸಿರಲಿಲ್ಲವೆ ಎಂದು ಕೇಳುವವರುಂಟು. ವಹಿಸಿದ್ದರು, ಸಂದೇಹವಿಲ್ಲ. ರಣಜಿತ್‌ಸಿಂಹರು ೧೮೯೯ರಿಂದ ೧೯೦೩ರವರೆಗೆ ಸಸೆಕ್ಸ್ ಪಕ್ಷದ ನಾಯಕರು. ಅವರ ಸೋದರನ ಮಗ ದುಲೀಪ್‌ಸಿಂಹರು ೧೯೩೨ರಲ್ಲಿ ಅದೇ ಸ್ಥಾನದಲ್ಲಿದ್ದರು. ಇಬ್ಬರೂ ನವಾನಗರದ ರಾಜಮನೆತನದವರು, ಇಬ್ಬರೂ ಕೇಂಬ್ರಿಜ್ಜಿನಲ್ಲಿ ಓದಿದವರು. ಅರಮನೆಯ ನೆರಳಿದ್ದೂ ದುಲೀಪರು ೧೯೨೯ರಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಒಂದೇ ಒಂದು ಟೆಸ್ಟ್ ಆಡಿ ಪಕ್ಷದಿಂದ ಹೊರಬಿದ್ದರು. ಎದುರಾಳಿಗಳಿಗೆ ಅವರ ಬಣ್ಣವು ಸಹ್ಯವಾಗಲಿಲ್ಲವೆಂದು ಆಗಿನಿಂದಲೂ ಜನ ಹೇಳುತ್ತ ಬಂದಿದ್ದಾರೆ. ಮರುವರ್ಷ ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯದ ಮೇಲೆ ಅವರು ಹೊಡೆದ ೧೭೩ ರನ್ನುಗಳು ಆಯ್ಕೆಗಾರರಿಗೆ ತಕ್ಕ ಉತ್ತರವಾದುವು. ರಾಜಕುಮಾರನಿಗೇ ಈ ಗತಿಯಾದಲ್ಲಿ ವಲಸೆಗಾರನ ಮಗನ ಪಾಡನ್ನು ವಿವರಿಸಬೇಕಾಗಿಲ್ಲ.

ತರಬೇತುದಾರನ ಕೈಯಲ್ಲಿರುವುದು ಸಾಮಾನ್ಯ ಅಧಿಕಾರವಲ್ಲ. ಯಾವ ಹುಡುಗನನ್ನು ಎರಡನೆಯ ಪಕ್ಷದಿಂದ ಮೇಲೆತ್ತಬೇಕು, ಯಾರ ಕರಾರನ್ನು ಮುಂದುವರಿಸಬೇಕು ಎಂಬ ತೀರ್ಮಾನಗಳಲ್ಲಿ ಅವನ ಮಾತು ತೂಕದ್ದು. ಇಂಗ್ಲೆಂಡಿನಲ್ಲಿ ಹವ್ಯಾಸಕ್ಕಾಗಿ ಕ್ರಿಕೆಟ್ ಆಡುವವರಲ್ಲಿ ಕಾಲುಭಾಗಕ್ಕಿಂತಲೂ ಹೆಚ್ಚು ಮಂದಿ ದಕ್ಷಿಣ ಏಷ್ಯಾ ಮೂಲದವರು. ಸಂಬಳ ಪಡೆದು ಆಡುವವರಲ್ಲಿ ಅವರು ನೂರಕ್ಕೆ ಸುಮಾರು ೫. ಯಾರ್ಕ್‌ಷೈರಿನಲ್ಲಿ ತಮಗಾದ ಅವಮಾನಗಳನ್ನು ಅಜೀಮ್ ರಫೀಕರು ೨೦೨೦ರಲ್ಲಿ ಬಹಿರಂಗಪಡಿಸಿದ ಮೇಲೆ, ಇಂಗ್ಲಿಷ್ ಮಂಡಲಿಯೇ ನೇಮಿಸಿದ ಸ್ವತಂತ್ರ ಆಯೋಗವು ೨೦೨೩ರ ವರದಿಯಲ್ಲಿ ಜನಾಂಗಭೇದವು ಆಟದೊಳಗೆ ಬೇರೂರಿದೆಯೆಂದು ನಿಸ್ಸಂಕೋಚವಾಗಿ ಸಾರಿತು.

ಶ್ರೀ ಸೋಲಂಕಿಯವರ ಕಾಲದಲ್ಲಿ ಸರ್ರೆಗೆ ದೊಡ್ಡ ಪಾರಿತೋಷಕವೇನೂ ದೊರೆಯಲಿಲ್ಲ. ೨೦೨೦ರ ಇಪ್ಪತ್ತು ಓವರುಗಳ ಪಂದ್ಯಾವಳಿಯ ಅಂತಿಮದಲ್ಲಿ ನಾಟಿಂಗ್‌ಹ್ಯಾಮ್‌ಷೈರಿಗೆ ಸೋಲಬೇಕಾಯಿತು. ೨೦೨೨ರ ಆರಂಭದಲ್ಲಿ ಅವರು ಗುಜರಾತ್ ಟೈಟನ್ಸ್ ಪಕ್ಷದ ಕ್ರಿಕೆಟ್ ನಿರ್ದೇಶಕರಾಗಿ ಹೊರಟುಬಂದರು, ಆ ಪಕ್ಷವು ಮೊದಲನೆಯ ವರ್ಷವೇ ಗೆದ್ದಿತು. ಸರ್ರೆಯವರಾದರೋ ಮತ್ತೆ ತಮ್ಮ ಮನೆಯೊಳಗಿನಿಂದಲೇ, ತಮ್ಮ ಹಿಂದಿನ ನಾಯಕರಾದ ಗ್ಯಾರೆತ್ ಬ್ಯಾಟಿಯವರನ್ನು ಆರಿಸಿದರು. ೨೦೨೨, ೨೦೨೩, ೨೦೨೪ ಮೂರು ವರ್ಷಗಳೂ ಕೌಂಟಿ ಪಟ್ಟ ಅವರದಾಯಿತು. ೧೯೬೬ರಿಂದ ೧೯೬೮ರವರೆಗೆ ಯಾರ್ಕ್‌ಷೈರ್ ಗೆದ್ದ ಮೇಲೆ ಯಾರಿಗೂ ಸಾಧಿಸದಿದ್ದ ಕೆಲಸವಿದು.

ಹಳೆಯ ಆಟಗಾರನನ್ನೇ ಗುರುಪೀಠಕ್ಕೇರಿಸುವ ಪದ್ಧತಿಯ ಗುಣವು ಇದರಿಂದ ವ್ಯಕ್ತವಾಗುತ್ತದೆ. ಅದರ ದೋಷವೂ ಅಲ್ಲಿಯೇ ಅಡಗಿದೆ. ಮನೆಯೊಳಗಿದ್ದವನಿಗೇ ಯಜಮಾನಿಕೆಯೆಂದಾದರೆ, ಹೊಸ್ತಿಲನ್ನೇ ದಾಟಗೊಡದಿದ್ದವನ ಸರದಿ ಎಂದೂ ಬರುವುದಿಲ್ಲ. ಇಂದು ೧೪ ವರ್ಷದ ಹುಡುಗನನ್ನು ತರಬೇತಿ ಶಾಲೆಗೆ ಸೇರಿಸುವವರು ೩೦ ವರ್ಷಗಳ ನಂತರದ ತರಬೇತುದಾರನನ್ನೂ ತಮಗರಿವಿಲ್ಲದೆಯೇ ಆರಿಸುತ್ತಿರುತ್ತಾರೆ. ಸೋಲಂಕಿಯವರು ೧೯೯೫ರಲ್ಲಿ ವೂಸ್ಟರಿನಲ್ಲಿ ಒಳಹೊಕ್ಕಿದ್ದರಿಂದಲೇ ೨೦೨೦ರ ನೇಮಕವು ಸಾಧ್ಯವಾಯಿತು. ಕಪ್ಪು ಜನಾಂಗದ ತರುಣರಿಗಾಗಿ ೨೦೨೦ರಲ್ಲಿಯೇ ಪ್ರತ್ಯೇಕ ಯೋಜನೆಯನ್ನು ಹೂಡಿದ ಸರ್ರೆಯವರು ಈ ಮಾತನ್ನು ಅರಿತಂತೆ ತೋರುತ್ತದೆ.

ನಮ್ಮವರು ಇಲ್ಲಿ ಎದೆಯುಬ್ಬಿಸುವುದಕ್ಕೆ ಮೊದಲು ಸ್ವಲ್ಪ ಯೋಚಿಸಬೇಕು. ಸೋಲಂಕಿಯವರು ಇಂಗ್ಲೆಂಡಿನ ಆಟಗಾರರು. ಅವರ ಯಶಸ್ಸು ಆ ದೇಶದ ಲೆಕ್ಕಕ್ಕೆ ಸೇರಿದ್ದು. ಓವಲ್‌ನಲ್ಲಿ ನಮ್ಮದೆಂದು ಹೇಳಿಕೊಳ್ಳಲು ೧೯೭೧ರ ಜಯವಿದೆ, ನಮ್ಮ ಮೈಸೂರು ನಾಡಿನ ಚಂದ್ರಶೇಖರರು ೩೮ ರನ್ನುಗಳಿಗೆ ಉರುಳಿಸಿದ ೬ ವಿಕೆಟ್ಟುಗಳಿವೆ. ೨೦೨೫ರಲ್ಲಿ ಅದೇ ಮೈದಾನದ ನೂರು ಚೆಂಡುಗಳ ಪಕ್ಷದಲ್ಲಿ ನೂರಕ್ಕೆ ೪೯ರ ಪಾಲು ಮುಂಬಯಿಯ ರಿಲಯನ್ಸ್ ಸಂಸ್ಥೆಯ ವಶಕ್ಕೆ ಬಂದಿತು. ಭಾರತದ ಹಣಕ್ಕೆ ಅಲ್ಲಿ ಆಸನ ದೊರೆತಿದೆ. ಆದರೆ ಆ ಪಾಲು ನೂರು ಚೆಂಡುಗಳ ಪಕ್ಷಕ್ಕೆ ಮಾತ್ರ ಸಂಬಂಧಿಸಿದ್ದು. ಹುಡುಗರನ್ನು ಆರಿಸುವ ಕೌಂಟಿ ಶಾಲೆಗಳು ಕೌಂಟಿಗಳ ಕೈಯಲ್ಲಿಯೇ ಉಳಿದಿವೆ.